ನಲವತ್ತು ದಾಟಿ ಪದವಿ ತರಗತಿಗೆ: ಶಾಲು ಬೇಡ, ಸಮಯ ಕೊಡಿ

ನಮ್ಮ ಉಸ್ತಾದರ ಹೆಸರಿನ ಕೊನೆಗೆ ಸನದು ಇರುತ್ತದೆ. ಫೈಝಿ, ಸಖಾಫಿ, ಸಅದಿ, ಬಾಖವಿ ಅಂತ ಕೇಳಿದ ಕೂಡಲೇ ಇವರು ಎಲ್ಲಿ ಕಿತಾಬ್ ಓದಿ ಬಂದವರು ಎಂದು ಊರಿನ ಉಮ್ಮಂದಿರಿಗೂ ಗೊತ್ತಾಗುತ್ತದೆ. ಅದೇ ಉಸ್ತಾದ್ ಬ್ಯಾಂಕಿನಲ್ಲಿ ಖಾತೆ ತೆರೆಯುವ ಅರ್ಜಿ ತುಂಬಿಸುವಾಗ, ಮಗಳ ಶಾಲೆಯ ಫಾರಂನಲ್ಲಿ ‘ತಂದೆಯ ವಿದ್ಯಾರ್ಹತೆ’ ಎಂಬ ಕಾಲಂ ಎದುರಾದಾಗ ಪೆನ್ನು ಸ್ವಲ್ಪ ನಿಲ್ಲುತ್ತದೆ. ಹತ್ತು ಹನ್ನೆರಡು ವರ್ಷ ದರ್ಸಿನಲ್ಲಿ ಕೂತು ಓದಿದ್ದನ್ನು ಬರೆಯಲು ಅಲ್ಲಿ ಜಾಗ ಇಲ್ಲ. ಪಿಯುಸಿ ಅಂತ ಬರೆಯುತ್ತೇವೆ. ಕೆಲವರು ಎಸೆಸೆಲ್ಸಿ. ಬೇಕರಿ, ಜ್ಯೂಸ್ ಅಂಗಡಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಇಪ್ಪತ್ತು ವರ್ಷ ಕಳೆದ ನಮ್ಮ ಸಹೋದರರದ್ದೂ ಅದೇ ಕತೆ. ಅವರಿಗೆ ಸನದು ಇಲ್ಲ, ಅಷ್ಟೇ ವ್ಯತ್ಯಾಸ.

ವಿಲ್ಸನ್ ಗಾರ್ಡನ್‌ನಲ್ಲಿ ನಾವು ಏಳು ಮಂದಿ ನಲವತ್ತು ದಾಟಿದ ಮೇಲೆ ಬಿಎ ಪದವಿಗೆ ಹೆಸರು ಕೊಟ್ಟಿದ್ದೇವೆ. ಮೂವರು ಮದ್ರಸ ಅಧ್ಯಾಪಕರು, ನಾಲ್ವರು ಅಂಗಡಿಯವರು. ಪುತ್ತೂರು, ಬಂಟ್ವಾಳ, ಉಳ್ಳಾಲ, ಮಂಜೇಶ್ವರ ಕಡೆಯಿಂದ ಬಂದು ಹತ್ತನೇ ಕ್ರಾಸ್, ಲಕ್ಕಸಂದ್ರ, ಆಡುಗೋಡಿ ಸುತ್ತಮುತ್ತ ನೆಲೆ ನಿಂತವರು. ಇದು ದೊಡ್ಡ ಸಾಧನೆ ಅಂತ ಹೇಳಿಕೊಳ್ಳಲು ಬರೆಯುತ್ತಿಲ್ಲ. ಏಳರಲ್ಲಿ ಮೊದಲ ವರ್ಷದ ಎಲ್ಲ ಪೇಪರ್ ಬರೆದವರು ನಾಲ್ವರು ಮಾತ್ರ. ಉಳಿದ ಮೂವರು ಯಾಕೆ ಬರೆಯಲಿಲ್ಲ ಎಂಬುದನ್ನು ನಮ್ಮ ಮನೆಗಳಲ್ಲಿ, ಜಮಾಅತ್‌ಗಳಲ್ಲಿ ಕೂತು ಮಾತಾಡಬೇಕು ಅಂತ ಅನಿಸಿದ್ದರಿಂದ ಬರೆಯುತ್ತಿದ್ದೇವೆ.

ನಮ್ಮ ಏರಿಯಾಕ್ಕೆ ಕಾಲೇಜು ದೂರ ಅನ್ನುವ ನೆಪ ಇಲ್ಲ. ನಡೆದು ಹೋಗುವಷ್ಟು ಹತ್ತಿರ, ಹೊಸೂರು ರಸ್ತೆಯಲ್ಲಿ ಲಾಲ್‌ಬಾಗ್ ಮುಖ್ಯ ದ್ವಾರದ ಬಳಿ ಅಲ್ ಅಮೀನ್ ಕಾಲೇಜು ಇದೆ. ತಿರುಚಿನಾಪಳ್ಳಿಯಲ್ಲಿ ಹುಟ್ಟಿ ವೈದ್ಯರಾಗಿ ಬೆಂಗಳೂರಿಗೆ ಬಂದ ಡಾ. ಮುಮ್ತಾಝ್ ಅಹ್ಮದ್ ಖಾನ್ 1966ರಲ್ಲಿ ಅಲ್ ಅಮೀನ್ ಎಜುಕೇಶನಲ್ ಸೊಸೈಟಿ ಕಟ್ಟಿದಾಗ ಅವರಿಗೆ ಮೂವತ್ತರ ಆಸುಪಾಸು. 2021ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಆ ಹೆಸರಿನಲ್ಲಿ ರಾಜ್ಯದ ಉದ್ದಗಲಕ್ಕೂ ಶಾಲೆ, ಕಾಲೇಜುಗಳು ಇದ್ದವು. ಆ ಗೇಟಿನ ಎದುರು ಇಪ್ಪತ್ತು ವರ್ಷ ಚಹಾ, ಜ್ಯೂಸ್ ಮಾರಿದ ನಮ್ಮವರಿದ್ದಾರೆ. ಅಲ್ಲಿ ಓದಿದ ಮಕ್ಕಳು ಡಾಕ್ಟರ್, ಲಾಯರ್ ಆಗಿ ವಾಪಸ್ ಬಂದು ‘ಕಾಕಾ, ಒಂದು ಮೂಸಂಬಿ’ ಅಂತ ಕೇಳುತ್ತಾರೆ. ಕಾಕಾಗೆ ಗೇಟಿನ ಒಳಗೆ ಹೋಗುವ ಯೋಚನೆ ಬಂದಿರಲಿಲ್ಲ.

ನಮ್ಮ ಪ್ರಾಯದವರು ಲೆಕ್ಕದಲ್ಲಿ ಎಲ್ಲಿದ್ದೇವೆ? 2006ರ ಸಾಚಾರ್ ಸಮಿತಿ ವರದಿಯನ್ನು ಭಾಷಣಗಳಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ. ಅದರ ಒಂದು ಲೆಕ್ಕ ನೇರವಾಗಿ ನಮ್ಮದು. 2001ರ ಜನಗಣತಿಯ ಪ್ರಕಾರ ದೇಶದಲ್ಲಿ 20 ವರ್ಷ ಮೇಲ್ಪಟ್ಟವರಲ್ಲಿ ಪದವಿ ಅಥವಾ ಡಿಪ್ಲೊಮಾ ಇದ್ದವರು ಸುಮಾರು ಶೇ. 7. ಮುಸ್ಲಿಮರಲ್ಲಿ ಶೇ. 4ಕ್ಕಿಂತ ಕಡಿಮೆ. ಆ ಲೆಕ್ಕದಲ್ಲಿ ಆಗ ಇಪ್ಪತ್ತರ ಹುಡುಗರಾಗಿದ್ದವರು ಈಗ ನಲವತ್ತು ದಾಟಿದವರು. ಅಂದರೆ ನಾವು. ಆಮೇಲೆ ಹುಟ್ಟಿದ ನಮ್ಮ ಮಕ್ಕಳ ಲೆಕ್ಕ ಬೇರೆ ಆಗಿರಬಹುದು, ಇನ್‌ಶಾ ಅಲ್ಲಾಹ್ ಇನ್ನೂ ಒಳ್ಳೆಯದಾಗಲಿ. ಆದರೆ 2001ರಲ್ಲಿ ಎಣಿಸಿದವರು ಈಗಲೂ ಇದ್ದಾರೆ, ಅಂಗಡಿಯ ಗಲ್ಲಾದ ಹಿಂದೆ, ಮದ್ರಸದ ಬೋರ್ಡಿನ ಮುಂದೆ.

ಇನ್ನು ಸನದಿನ ವಿಷಯ. ‘ಉಸ್ತಾದ್, ನಿಮ್ಮದು ಡಿಗ್ರಿಗೆ ಸಮ ಅಲ್ವಾ?’ ಅಂತ ಕೆಲವರು ಕೇಳುತ್ತಾರೆ. ದೀನಿನ ಇಲ್ಮಿಗೆ ಸನದಿನ ಬೆಲೆ ಬೇರೆಯೇ, ಅದನ್ನು ಯಾವ ವಿಶ್ವವಿದ್ಯಾನಿಲಯವೂ ಕೊಡಬೇಕಾಗಿಲ್ಲ, ಕಿತ್ತುಕೊಳ್ಳಲೂ ಆಗುವುದಿಲ್ಲ. ಆದರೆ ಕಾನೂನಿನ ಮಾತು ಸ್ಪಷ್ಟವಾಗಿಯೇ ಇದೆ. 2024ರ ನವೆಂಬರ್ 5ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಮದ್ರಸ ಕಾಯ್ದೆಯನ್ನು ಎತ್ತಿ ಹಿಡಿಯಿತು. ನಮ್ಮಲ್ಲಿ ಎಲ್ಲರೂ ಆ ಅರ್ಧ ಸುದ್ದಿಯನ್ನು ಸಂತೋಷದಿಂದ ಹಂಚಿಕೊಂಡರು. ಉಳಿದರ್ಧ ಏನೆಂದರೆ, ಕಾಮಿಲ್ ಮತ್ತು ಫಾಝಿಲ್ ಎಂಬ ಪದವಿ, ಸ್ನಾತಕೋತ್ತರ ಮಟ್ಟದ ಪ್ರಮಾಣಪತ್ರ ಕೊಡುವ ಭಾಗ ಮಾತ್ರ 1956ರ ಯುಜಿಸಿ ಕಾಯ್ದೆಗೆ ವಿರುದ್ಧ ಎಂದು ಕೋರ್ಟ್ ಹೇಳಿತು. ಪದವಿ ಕೊಡುವ ಅಧಿಕಾರ ಯುಜಿಸಿ ಕಾಯ್ದೆಯ ಕೆಳಗೆ ಬರುವ ಸಂಸ್ಥೆಗಳಿಗೆ ಮಾತ್ರ. ಆ ಕಾಯ್ದೆ ನಮ್ಮ ರಾಜ್ಯದ್ದಲ್ಲ, ಆದರೆ ಅದರಲ್ಲಿನ ಯುಜಿಸಿ ಮಾತು ಎಲ್ಲರಿಗೂ ಅನ್ವಯಿಸುತ್ತದೆ. ಹಾಗಾಗಿ ಸನದು ಇರುವವರೂ ಪದವಿ ಬೇಕಾದರೆ ಬೇರೆ ಬಾಗಿಲಿನಿಂದಲೇ ಹೋಗಬೇಕು.

ಕೇರಳದಲ್ಲಿ ಇದನ್ನು ಮೊದಲೇ ಅರ್ಥ ಮಾಡಿಕೊಂಡಿದ್ದರು. ಚೆಮ್ಮಾಡಿನ ದಾರುಲ್ ಹುದಾ 1986ರಲ್ಲಿ ಆರಂಭವಾದದ್ದೇ ದೀನೀ ವಿದ್ಯೆ ಮತ್ತು ಲೌಕಿಕ ವಿದ್ಯೆ ಎರಡೂ ಒಟ್ಟಿಗೆ ಎಂಬ ಲೆಕ್ಕದಲ್ಲಿ. ಅಲ್ಲಿ ಓದಿದ ಹುಡುಗರು ಸನದಿನ ಜೊತೆಗೇ ಪದವಿಯನ್ನೂ ಕೈಯಲ್ಲಿ ಹಿಡಿದುಕೊಂಡು ಬರುತ್ತಾರೆ. ನಾವು ದರ್ಸಿನಲ್ಲಿ ಇದ್ದ ಕಾಲಕ್ಕೆ ಕರಾವಳಿಯ ಹೆಚ್ಚಿನ ಕಡೆ ಆ ವ್ಯವಸ್ಥೆ ಇರಲಿಲ್ಲ. ಪಿಯುಸಿ ಮಾಡಿದವರೂ ಖಾಸಗಿಯಾಗಿ ಕಟ್ಟಿ ಮಾಡಿದ್ದು. ಹೈದರಾಬಾದಿನ ಮೌಲಾನಾ ಆಝಾದ್ ವಿಶ್ವವಿದ್ಯಾನಿಲಯ, ಅಲಿಗಢ ಮುಂತಾದ ಕಡೆ ಮದ್ರಸ ಪ್ರಮಾಣಪತ್ರಕ್ಕೆ ದಾರಿ ಉಂಟು. ಆದರೆ ಒಂದು ಕಡೆ ಉರ್ದು ಮಾಧ್ಯಮ, ಇನ್ನೊಂದು ಕಡೆ ಸಾವಿರಾರು ಕಿಲೋಮೀಟರ್ ದೂರದ ಹಾಸ್ಟೆಲ್. ಮನೆಯಲ್ಲಿ ಬ್ಯಾರಿ ಮಾತಾಡಿ, ಮದ್ರಸದಲ್ಲಿ ಅರಬಿ ಮಲಯಾಳ ಓದಿ, ಶಾಲೆಯಲ್ಲಿ ಕನ್ನಡ ಬರೆದ ನಮಗೆ ಉರ್ದು ನಾಲ್ಕನೆಯದೋ ಐದನೆಯದೋ ಭಾಷೆ. ಬೆಂಗಳೂರಿನಲ್ಲಿ ಟೋಪಿ ನೋಡಿ ಉರ್ದುವಿನಲ್ಲಿ ಮಾತಾಡಿಸುವವರಿಗೆ ಇದನ್ನು ವಿವರಿಸಿ ಸಾಕಾಗಿದೆ.

ನಮಗೆ ಸರಿಹೊಂದಿದ್ದು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಆರಂಭವಾದ ಅಂಚೆ ಶಿಕ್ಷಣ ವಿಭಾಗವೇ ಬೆಳೆದು 1996ರಲ್ಲಿ ಪ್ರತ್ಯೇಕ ವಿಶ್ವವಿದ್ಯಾನಿಲಯ ಆಯಿತು. ಬಿಎಯನ್ನು ಕನ್ನಡದಲ್ಲೇ ಬರೆಯಬಹುದು, ಇದು ದೊಡ್ಡ ಮಾತು. ಇಂಗ್ಲಿಷ್ ಅಥವಾ ಹಿಂದಿ ಸರಾಗ ಇರುವವರಿಗೆ 1985ರಲ್ಲಿ ಸ್ಥಾಪನೆಯಾದ ಇಗ್ನೋ ಇದೆ. ಎರಡೂ ಕಡೆ ವಯಸ್ಸಿನ ಮೇಲ್ಮಿತಿ ಇಲ್ಲ. ಪ್ರವೇಶ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಜನವರಿ ಆವೃತ್ತಿ. ಮೂರು ವರ್ಷದ ಪದವಿಯನ್ನು ನಿಧಾನವಾಗಿ ಮುಗಿಸಲು ಹೆಚ್ಚುವರಿ ವರ್ಷಗಳ ಅವಕಾಶ ಕೊಡುತ್ತಾರೆ. ಯುಜಿಸಿ ಮಾನ್ಯತೆ ಇರುವ ಸಂಸ್ಥೆಯ ದೂರಶಿಕ್ಷಣ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು 2020ರ ಯುಜಿಸಿ ನಿಯಮಾವಳಿಯೇ ಹೇಳುತ್ತದೆ. ಇಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಪದವಿಗಳು ದೂರಶಿಕ್ಷಣದಲ್ಲಿ ಇಲ್ಲ. ‘ಮನೆಯಲ್ಲೇ ಕೂತು ಎಲ್‌ಎಲ್‌ಬಿ’ ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ.

‘ಮಾನ್ಯತೆ ಇರುವ’ ಎಂಬ ಎರಡು ಶಬ್ದದ ಮೇಲೆ ಬೆರಳಿಟ್ಟು ಹೇಳಬೇಕು. ಮುಕ್ತ ವಿಶ್ವವಿದ್ಯಾನಿಲಯಕ್ಕೇ 2015ರಲ್ಲಿ ಯುಜಿಸಿ ಮಾನ್ಯತೆ ಇಲ್ಲವೆಂದು ಪ್ರಕಟಣೆ ಹೊರಡಿಸಿತ್ತು. 2018ರಲ್ಲಿ ಮತ್ತೆ ಮಾನ್ಯತೆ ಸಿಕ್ಕಿತು. ನಡುವೆ ಸಿಕ್ಕಿಬಿದ್ದ ವಿದ್ಯಾರ್ಥಿಗಳ ಪಾಡು ಆಗಿನ ಪತ್ರಿಕೆಗಳಲ್ಲಿ ತುಂಬಿತ್ತು. ಈಗ ಆ ಭಯ ಬೇಡ, ಆದರೆ ಸೇರುವ ಮೊದಲು ಯಾವ ಕೋರ್ಸಿಗೆ, ಯಾವ ವರ್ಷದವರೆಗೆ ಮಾನ್ಯತೆ ಇದೆ ಅಂತ ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ನೋಡಿಯೇ ಹಣ ಕಟ್ಟಿ. ನಮ್ಮ ಕೂಟದ ಹಾರ್ಡ್‌ವೇರ್ ಅಂಗಡಿಯವರು ಹತ್ತು ವರ್ಷದ ಹಿಂದೆ ಒಬ್ಬ ಏಜೆಂಟನ ಕೈಗೆ ಹಣ ಕೊಟ್ಟಿದ್ದರು, ಒಂದೇ ವರ್ಷದಲ್ಲಿ ಡಿಗ್ರಿ ಅಂತ. ಯಾವ ಸಂಸ್ಥೆ ಅಂತ ಹೆಸರು ಬೇಡ. ಬೋರ್ಡು ಹೋಯಿತು, ಏಜೆಂಟ್ ಹೋದ, ಹಣವೂ ಹೋಯಿತು. ಆಮೇಲೆ ಹತ್ತು ವರ್ಷ ಅವರು ಓದಿನ ಮಾತೇ ಎತ್ತಲಿಲ್ಲ. ಮೂರು ವರ್ಷ ಬೇಕು ಅಂತ ಹೇಳುವ ಕಡೆಗೇ ಹೋಗಬೇಕು.

ಪಿಯುಸಿ ಇಲ್ಲದವರು ಏನು ಮಾಡಬೇಕು? ಪದವಿಗೆ ಪಿಯುಸಿ ಅಥವಾ ತತ್ಸಮಾನ ಬೇಕೇಬೇಕು. ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹತ್ತು ಮತ್ತು ಹನ್ನೆರಡನೇ ತರಗತಿ ಎರಡಕ್ಕೂ ವಯಸ್ಸಿನ ಮೇಲ್ಮಿತಿ ಇಲ್ಲ. ನಮ್ಮ ರಾಜ್ಯದ ಬೋರ್ಡಿನಲ್ಲೇ ಖಾಸಗಿ ಅಭ್ಯರ್ಥಿಯಾಗಿ ಎಸೆಸೆಲ್ಸಿ, ಕಲಾ ಮತ್ತು ವಾಣಿಜ್ಯ ಪಿಯುಸಿ ಬರೆಯಬಹುದು.

ಅರ್ಜಿ ಹಾಕುವಾಗ ನಮಗೆ ಪಾಠಕ್ಕಿಂತ ದೊಡ್ಡ ಪರೀಕ್ಷೆ ಆದದ್ದು ಹೆಸರು. 2024ರಿಂದ ದೂರಶಿಕ್ಷಣಕ್ಕೆ ಸೇರುವವರಿಗೆ ಡೆಬ್ ಐಡಿ ಎಂಬ ಸಂಖ್ಯೆ ಕಡ್ಡಾಯ. ಅದಕ್ಕೆ ಮೊದಲು ಆಧಾರ್ ಮೂಲಕ ಎಬಿಸಿ ಐಡಿ ಮಾಡಬೇಕು. ಯಂತ್ರಕ್ಕೆ ಹೆಸರು ಅಕ್ಷರಕ್ಕೆ ಅಕ್ಷರ ಕೂಡಬೇಕು. ನಮ್ಮಲ್ಲಿ? ಶಾಲೆಯ ಮಾಸ್ಟ್ರು ‘ಮಹಮ್ಮದ್’ ಅಂತ ಬರೆದರು. ಆಧಾರಿನವರು ‘ಮೊಹಮ್ಮದ್’ ಅಂತ. ಗಲ್ಫಿಗೆ ಹೋಗಲು ಮಾಡಿಸಿದ ಪಾಸ್‌ಪೋರ್ಟಿನಲ್ಲಿ ‘ಮುಹಮ್ಮದ್’, ಅದರ ಹಿಂದೆ ಬಾಪನ ಹೆಸರು. ಎಸೆಸೆಲ್ಸಿಯಲ್ಲಿ ಮನೆ ಹೆಸರಿನ ಇನಿಶಿಯಲ್ ಮುಂದೆ, ಪಾನ್ ಕಾರ್ಡಿನಲ್ಲಿ ಹಿಂದೆ. ಒಬ್ಬರದ್ದಂತೂ ಶಾಲೆಯ ದಾಖಲೆಯಲ್ಲಿ ಮನೆಯಲ್ಲಿ ಕರೆಯುವ ‘ಮೋನು’ ಎಂಬ ಹೆಸರೇ ಅಧಿಕೃತವಾಗಿ ಕೂತಿತ್ತು. ಎಸೆಸೆಲ್ಸಿ ಅಂಕಪಟ್ಟಿಯನ್ನು ಮೂಲ ಅಂತ ಇಟ್ಟುಕೊಂಡು ಆಧಾರನ್ನು ಅದಕ್ಕೆ ಸರಿಯಾಗಿ ತಿದ್ದಿಸುವುದು ಸುಲಭದ ದಾರಿ. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹಾಗಾಗಿ ಅವಸರ ಮಾಡಬೇಡಿ. ಅಂಕಪಟ್ಟಿ ಕಳೆದುಹೋಗಿದ್ದರೆ ಮಲ್ಲೇಶ್ವರದ ಪರೀಕ್ಷಾ ಮಂಡಳಿಯಿಂದ ನಕಲು ಪ್ರತಿ ಸಿಗುತ್ತದೆ, ಸ್ವಲ್ಪ ಓಡಾಟ ಉಂಟು. ಮಕ್ಕಳ ಹೆಸರು ಶಾಲೆಗೆ ಸೇರಿಸುವಾಗಲೇ ಎಲ್ಲ ಕಾಗದದಲ್ಲಿ ಒಂದೇ ಥರ ಬರೆಸಿ ಅಂತ ನಾವು ಈಗ ಮದ್ರಸದ ಪೋಷಕರ ಸಭೆಯಲ್ಲೂ ಹೇಳುತ್ತಿದ್ದೇವೆ.

ಭಾನುವಾರದ ಸಂಪರ್ಕ ತರಗತಿಗೆ ಮೊದಲ ದಿನ ಹೋದಾಗ ಬಾಗಿಲಲ್ಲಿ ನಿಂತಿದ್ದ ಹುಡುಗನೊಬ್ಬ ಗಡ್ಡ, ಬಿಳಿ ಅಂಗಿ ನೋಡಿ ‘ಸರ್, ಇವತ್ತು ಹಿಸ್ಟರಿ ನೀವು ತಗೋತೀರಾ?’ ಅಂತ ಕೇಳಿದ. ನಾವೂ ಸ್ಟೂಡೆಂಟ್ಸ್ ಅಂದಾಗ ಅವನಿಗಿಂತ ನಮಗೇ ನಾಚಿಕೆ. ಆ ನಾಚಿಕೆ ಮೂರು ಭಾನುವಾರ ಇತ್ತು, ಆಮೇಲೆ ಹೋಯಿತು. ತರಗತಿಯಲ್ಲಿ ಪೊಲೀಸ್ ಕಾನ್‌ಸ್ಟೆಬಲ್, ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿರುವ ಹೆಣ್ಣುಮಗಳು, ಬಿಎಂಟಿಸಿ ಕಂಡಕ್ಟರ್ ಇದ್ದರು. ಪಾಠ ಮಾಡುವವರು ನಮಗಿಂತ ಹತ್ತು ವರ್ಷ ಚಿಕ್ಕವರು, ನಮ್ಮನ್ನು ‘ಸರ್’ ಅಂತಲೇ ಕರೆಯುತ್ತಾರೆ. ದರ್ಸಿನಲ್ಲಿ ಉಸ್ತಾದರ ಎದುರು ಮಂಡಿ ಮಡಚಿ ಕೂತು ಅಭ್ಯಾಸ ಆದವರಿಗೆ ಇದು ವಿಚಿತ್ರ ಅನಿಸಿತು. ಕಲಿಸುವವರು ಚಿಕ್ಕವರಾದರೂ ಉಸ್ತಾದರೇ ಅಂತ ನಾವು ಎದ್ದು ನಿಂತೆವು. ನಮ್ಮನ್ನು ನೋಡಿ ಹಿಂದಿನ ಬೆಂಚಿನವರೂ ನಿಂತರು.

ಓದಿನ ವಿಷಯದಲ್ಲಿ ಒಂದು ಮಾತು ಮದ್ರಸದವರಿಗೆ ಉಪಯೋಗ ಆದೀತು. ನಮಗೆ ಕಂಠಪಾಠ ಬರುತ್ತದೆ, ಮತ್ನ್ ಒಂದು ಸಲ ಹಿಡಿದರೆ ಬಿಡುವುದಿಲ್ಲ. ಕಿತಾಬಿನ ಒಂದೊಂದು ಸಾಲನ್ನು ಬಿಡಿಸಿ, ಇಲ್ಲಿ ಯಾಕೆ ಈ ಪದ ಹಾಕಿದರು ಅಂತ ಕೇಳುವ ಅಭ್ಯಾಸವೂ ಇದೆ. ಆದರೆ ಪರೀಕ್ಷೆಯ ಪತ್ರಿಕೆ ‘ವಿಮರ್ಶಿಸಿ’ ಅಂತ ಕೇಳುತ್ತದೆ. ಪುಸ್ತಕದಲ್ಲಿ ಇದ್ದದ್ದನ್ನು ಹಾಗೆಯೇ ಒಪ್ಪಿಸಿದರೆ ಮಾರ್ಕ್ಸ್ ಅರ್ಧ. ನಮ್ಮ ಮಾತಿನಲ್ಲಿ ಬರೆಯಬೇಕು, ಅದೂ ಮೂರು ಗಂಟೆ ಬಿಡದೆ. ಇಪ್ಪತ್ತು ವರ್ಷದಿಂದ ಹಾಜರಿ ಪುಸ್ತಕ ಮತ್ತು ರಶೀದಿ ಬಿಟ್ಟು ಬೇರೇನೂ ಬರೆಯದ ಕೈ ಒಂದು ಗಂಟೆಗೇ ನೋಯುತ್ತದೆ. ಅದಕ್ಕೆ ದಿನಾ ಎರಡು ಪುಟ ಬರೆಯುವುದೇ ಮದ್ದು.

ಸಮಾಜಶಾಸ್ತ್ರ ನಮಗೆ ಹಿಡಿಸಿದ ವಿಷಯ. ಮೈಸೂರಿನ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಒಂದು ಹಳ್ಳಿಯಲ್ಲಿ ಉಳಿದು ಬರೆದುಕೊಂಡ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟು ಹೋದವು. ನೆನಪನ್ನೇ ಆಧಾರ ಮಾಡಿಕೊಂಡು 1976ರಲ್ಲಿ ಅವರು ‘ದಿ ರಿಮೆಂಬರ್ಡ್ ವಿಲೇಜ್’ ಪ್ರಕಟಿಸಿದರು. ಕಿತಾಬ್ ಹೊಳೆಯ ಪಾಲಾದರೂ ಎದೆಯಲ್ಲಿ ಉಳಿಯಬೇಕು ಅಂತ ಕಲಿತ ನಮಗೆ ಆ ಮನುಷ್ಯನ ಮೇಲೆ ಪ್ರೀತಿ ಹುಟ್ಟಿತು. ಊರಿನಲ್ಲಿ ಯಾವ ಮನೆತನದ ಮಾತು ನಡೆಯುತ್ತದೆ, ಯಾಕೆ ನಡೆಯುತ್ತದೆ ಎಂಬ ಪಾಠ ಓದುವಾಗ ನಮ್ಮ ಮಸೀದಿ ಕಮಿಟಿಯ ಮಹಾಸಭೆ ಕಣ್ಣ ಮುಂದೆ ಬಂದು ಹೋದದ್ದೂ ನಿಜ. ಅದನ್ನು ಅಸೈನ್‌ಮೆಂಟಿನಲ್ಲಿ ಬರೆಯಲಿಲ್ಲ.

‘ಈ ಪ್ರಾಯದಲ್ಲಿ ಎಂತಕ್ಕೆ ಮಾರಾಯ್ರೇ?’ ಎಂಬ ಪ್ರಶ್ನೆಗೆ ಉತ್ತರ ನಮ್ಮ ಕಿತಾಬಿನಲ್ಲೇ ಉಂಟು. ಸಹಾಬಿಗಳಲ್ಲಿ ಅನೇಕರು ಪ್ರಾಯ ಕಳೆದ ಮೇಲೆಯೇ ಇಲ್ಮ್ ಕಲಿತರು ಎಂದು ಇಮಾಂ ಬುಖಾರಿ ಇಲ್ಮಿನ ಅಧ್ಯಾಯದಲ್ಲೇ ನೆನಪಿಸುತ್ತಾರೆ. ನಾವು ಶಾಫಿಈಗಳು. ನಮ್ಮ ಮದ್‌ಹಬಿನ ದೊಡ್ಡ ಇಮಾಮರಲ್ಲಿ ಒಬ್ಬರಾದ ಕಫ್ಫಾಲ್ ಮರ್ವಝೀ ಬೀಗ ಮಾಡುವ ಕೆಲಸಗಾರ. ಕುಫ್ಲ್ ಅಂದರೆ ಬೀಗ, ಕಫ್ಫಾಲ್ ಅಂದರೆ ಬೀಗದವ. ಮೂವತ್ತರ ಹೊತ್ತಿಗೆ ಅಂಗಡಿ ಬಿಟ್ಟು ಓದಲು ಕೂತರು. ಮೊದಲ ದಿನ ಉಸ್ತಾದ್ ಹೇಳಿಕೊಟ್ಟ ಒಂದೇ ಒಂದು ವಾಕ್ಯವನ್ನು ಮಾಳಿಗೆಯ ಮೇಲೆ ರಾತ್ರಿಯಿಡೀ ಉರು ಹೊಡೆದು, ಬೆಳಗಿನ ಹೊತ್ತಿಗೆ ಕಣ್ಣು ಹತ್ತಿ, ಎದ್ದಾಗ ಪೂರ್ತಿ ಮರೆತುಹೋಗಿತ್ತು ಅಂತ ಒಂದು ಕತೆ ಉಂಟು. ಉಸ್ತಾದರಿಗೆ ಏನು ಹೇಳಲಿ ಅಂತ ಚಿಂತೆಯಲ್ಲಿ ಹೊರಟಾಗ ಪಕ್ಕದ ಮನೆಯ ಹೆಂಗಸು, ನಿಮ್ಮ ಈ ವಾಕ್ಯದಿಂದ ನಿನ್ನೆ ನಮಗೆ ನಿದ್ದೆಯೇ ಇಲ್ಲ ಅಂತ ಆ ವಾಕ್ಯವನ್ನು ಹೇಳಿ ಬೈದಳಂತೆ. ಬೈಗುಳದಿಂದ ಪಾಠ ವಾಪಸ್ ಸಿಕ್ಕಿತು. ಹಿಜರಿ 417ರಲ್ಲಿ ವಫಾತ್ ಆಗುವಾಗ ಖುರಾಸಾನಿನ ಶಾಫಿಈ ವಿದ್ವಾಂಸರಿಗೆಲ್ಲ ಅವರು ಹಿರಿಯರು. ನಮ್ಮ ಹಾರ್ಡ್‌ವೇರ್ ಅಂಗಡಿಯವರಿಗೆ ಈ ಕತೆ ಹೇಳಿದಾಗ ಅವರು ಒಂದು ಬೀಗ ತೋರಿಸಿ ‘ಉಸ್ತಾದ್, ಇದನ್ನು ಮಾಡ್ಲಿಕ್ಕೆ ನನ್ಗೆ ಬರುದಿಲ್ಲ, ಮಾರ್ಲಿಕ್ಕೆ ಮಾತ್ರ ಬರ್ತದೆ’ ಅಂದರು.

ಹತ್ತಿರದ ಉದಾಹರಣೆ ಬೇಕಿದ್ದರೆ ಆಲಪ್ಪುಳದ ಕಾರ್ತ್ಯಾಯನಿ ಅಮ್ಮ 2018ರಲ್ಲಿ, 96ನೇ ವಯಸ್ಸಿನಲ್ಲಿ, ಕೇರಳದ ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ತೆಗೆದರು. ನಮ್ಮವರೇ ಆದ ಹರೇಕಳ ಹಾಜಬ್ಬರು ಕಿತ್ತಳೆ ಮಾರಿ ಕಟ್ಟಿದ ಶಾಲೆ ಮೊದಲು ನಡೆದದ್ದು ಮದ್ರಸದ ಕೋಣೆಯಲ್ಲಿ. ಕಲಿಯದ ನೋವು ಏನೆಂದು ಅವರಿಗಿಂತ ಚೆನ್ನಾಗಿ ಹೇಳುವವರಿಲ್ಲ.

ಈಗ ಹೆಂಗಸರ ವಿಷಯಕ್ಕೆ ಬರುತ್ತೇವೆ. ನಿಜ ಹೇಳಬೇಕೆಂದರೆ ಇದನ್ನೇ ಮೊದಲು ಬರೆಯಬೇಕಿತ್ತು, ಯಾಕೆಂದರೆ ಓದು ನಿಲ್ಲಿಸಿದವರು ಅವರೇ ಹೆಚ್ಚು. ಗಂಡಸರ ಓದು ದುಡಿಮೆಗಾಗಿ ನಿಂತಿತು, ಹೆಂಗಸರದ್ದು ನಿಕಾಹ್‌ಗಾಗಿ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಕನ್ನಡ ಶಾಲೆಯಲ್ಲಿ ಓದಿದ ಆ ಕಾಲದ ಬೆರಳೆಣಿಕೆಯ ಮುಸ್ಲಿಂ ಹುಡುಗಿಯರಲ್ಲಿ ಒಬ್ಬರು. ಮುಂದೆ ಓದುವ ಆಸೆ ಇತ್ತು, ಕಾಲೇಜು ಸಿಗಲಿಲ್ಲ. ಗ್ರಂಥಾಲಯದ ಸದಸ್ಯತ್ವ ಸಿಗಲಿಕ್ಕೇ 1963 ಆಗಬೇಕಾಯಿತು. ‘ಚಂದ್ರಗಿರಿಯ ತೀರದಲ್ಲಿ’ 1984ರಲ್ಲಿ ಪುಸ್ತಕವಾಗಿ ಬಂದಾಗ ಅವರಿಗೆ ಐವತ್ತರ ಹತ್ತಿರ. ಅವರ ಎಲ್ಲ ಮಾತಿಗೂ ನಾವು ಹೂಂ ಅನ್ನುವುದಿಲ್ಲ. ಆದರೆ ಓದುವ ಹಸಿವಿರುವ ಹುಡುಗಿಯನ್ನು ಅರ್ಧಕ್ಕೆ ನಿಲ್ಲಿಸಿದರೆ ಆ ಹಸಿವು ಎಲ್ಲಿಗೂ ಹೋಗುವುದಿಲ್ಲ ಎಂಬುದಕ್ಕೆ ಅವರ ಬದುಕಿಗಿಂತ ದೊಡ್ಡ ಸಾಕ್ಷಿ ಬೇಡ.

ನಮ್ಮ ಏಳು ಮಂದಿಯ ಲೆಕ್ಕದ ಹೊರಗೆ ಮೂವರು ಹೆಂಗಸರೂ ಸೇರಿದ್ದಾರೆ. ಅವರು ಮಸೀದಿಯ ಕೋಣೆಗೆ ಬರುವುದಿಲ್ಲ, ಫೋನಿನಲ್ಲೇ ಪಾಠ. ನಾವು ಇತಿಹಾಸದ ಒಂದೊಂದು ಅಧ್ಯಾಯವನ್ನು ಓದಿ ವಾಯ್ಸ್ ಮೆಸೇಜ್ ಹಾಕುತ್ತೇವೆ, ಅವರು ಪತ್ತಿರಿ ತಟ್ಟುತ್ತಾ ಕೇಳುತ್ತಾರೆ. ಅವರಲ್ಲಿ ಮೂವತ್ತೊಂಬತ್ತರ ಒಬ್ಬ ತಾಯಿ, ಮೂರು ಮಕ್ಕಳು, ಮದುವೆಗೆ ಮೊದಲು ಪಿಯುಸಿಯಲ್ಲಿ ಫಸ್ಟ್ ಕ್ಲಾಸ್. ಒಂದು ದಿನ ಅವರು ನಮ್ಮದೇ ಮೆಸೇಜಿನಲ್ಲಿ ಒಂದು ಇಸವಿಯನ್ನು ತಿದ್ದಿ ವಾಪಸ್ ಕಳಿಸಿದರು. ಮೊದಲ ವರ್ಷದ ಫಲಿತಾಂಶದಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಅಂಕ ಅವರದ್ದೇ. ಇಂಗ್ಲಿಷ್ ಪೇಪರಿಗೆ ಹೇಳಿಕೊಟ್ಟದ್ದು ಎಂಟನೇ ತರಗತಿಯ ಮಗಳು. ‘ಉಮ್ಮಾ, ಸ್ಪೆಲ್ಲಿಂಗ್ ಹತ್ತು ಸಲ ಬರಿ’ ಅಂತ ಶಿಕ್ಷೆ ಬೇರೆ ಕೊಡುತ್ತಾಳಂತೆ. ಆ ಮನೆಯಲ್ಲಿ ಪರೀಕ್ಷೆಯ ದಿನಗಳಲ್ಲಿ ಗಂಡ ಅಂಗಡಿಯಿಂದ ಊಟ ಕಟ್ಟಿಸಿಕೊಂಡು ಬಂದರು. ಇನ್ನಿಬ್ಬರ ಮನೆಯಲ್ಲಿ ಪರೀಕ್ಷೆಯ ವಾರವೇ ಊರಿನಿಂದ ನೆಂಟರು ಬಂದರು, ಒಬ್ಬರು ಎರಡು ಪೇಪರ್, ಇನ್ನೊಬ್ಬರು ಒಂದೂ ಬರೆಯಲಿಲ್ಲ. ಹೇಳಬೇಕಾದ ಮಾತು ಇಲ್ಲಿಯೇ ಇದೆ.

ನಮ್ಮ ಮೂವರು ಯಾಕೆ ಬರೆಯಲಿಲ್ಲ? ಬುದ್ಧಿ ಇಲ್ಲದೆ ಅಲ್ಲ. ಶುಲ್ಕವೂ ಅಲ್ಲ, ವರ್ಷಕ್ಕೆ ಕೆಲವು ಸಾವಿರ ರೂಪಾಯಿಯನ್ನು ಎಲ್ಲರೂ ಕಟ್ಟಿದ್ದರು. ಬೇಕರಿಯವರ ಪಾಲುದಾರ ಪರೀಕ್ಷೆಯ ಹೊತ್ತಿಗೆ ಊರಿಗೆ ಹೋದರು, ಒಲೆ ಆರಿಸುವ ಹಾಗಿಲ್ಲ. ಜ್ಯೂಸ್ ಅಂಗಡಿಯವರಿಗೆ ಮಧ್ಯಾಹ್ನವೇ ವ್ಯಾಪಾರ, ಪರೀಕ್ಷೆಯೂ ಅದೇ ಹೊತ್ತಿಗೆ. ಒಬ್ಬ ಉಸ್ತಾದರಿಗೆ ಕಮಿಟಿ ರಜೆ ಕೊಡಲಿಲ್ಲ. ಬದಲಿ ಉಸ್ತಾದರನ್ನು ಇಡಲು ಖರ್ಚು, ಮಕ್ಕಳ ಪೊದು ಪರೀಕ್ಷೆಯೂ ಹತ್ತಿರ ಇತ್ತು. ಕಮಿಟಿಯವರ ಮಾತಿನಲ್ಲೂ ನ್ಯಾಯ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಸಂಜೆ ಕಾಲೇಜುಗಳು ನಮ್ಮ ದಕ್ಷಿಣ ಬೆಂಗಳೂರಿನಲ್ಲೂ ಇವೆ. ಆದರೆ ಶಾಲೆ ಬಿಟ್ಟ ಮಕ್ಕಳು ಮದ್ರಸಕ್ಕೆ ಬರುವುದೇ ಸಂಜೆ, ಅಂಗಡಿಗೆ ಗಿರಾಕಿ ಬರುವುದೂ ಸಂಜೆ. ನಲವತ್ತು ದಾಟಿದವನ ದಿನದಲ್ಲಿ ಅವನದ್ದು ಅಂತ ಒಂದು ಗಂಟೆಯೂ ಇರುವುದಿಲ್ಲ. ಎಲ್ಲವೂ ಇನ್ನೊಬ್ಬರ ಕೈಯಲ್ಲಿ ಇರುತ್ತದೆ: ಪಾಲುದಾರ, ಹೆಂಡತಿ, ಗಂಡ, ಅತ್ತೆ, ಕಮಿಟಿ. ಅವರು ಬಿಟ್ಟುಕೊಟ್ಟರೆ ಓದು ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮ ಸಂಘ ಸಂಸ್ಥೆಗಳು ಪ್ರತಿವರ್ಷ ಎಸೆಸೆಲ್ಸಿ, ಪಿಯುಸಿಯಲ್ಲಿ ಹೆಚ್ಚು ಅಂಕ ತೆಗೆದ ಮಕ್ಕಳಿಗೆ ಶಾಲು ಹೊದೆಸಿ ಸ್ಮರಣಿಕೆ ಕೊಡುತ್ತವೆ. ಒಳ್ಳೆಯದು, ನಡೆಯಲಿ. ಆದರೆ ನಾಳೆ ನಾವು ಪದವಿ ಮುಗಿಸಿದರೆ ನಮಗೂ ಒಂದು ಶಾಲು ರೆಡಿ ಇದೆ ಅಂತ ಒಬ್ಬ ಹಾಜಿಯವರು ಹೇಳಿದಾಗ, ಶಾಲು ಬೇಡ ಹಾಜಿಯವರೇ, ನಿಮ್ಮ ಅಂಗಡಿಯಲ್ಲಿ ಇರುವ ಹುಡುಗನಿಗೆ ಪರೀಕ್ಷೆಗೆ ಹತ್ತು ದಿನ ಸಂಬಳ ಕಡಿಯದೆ ರಜೆ ಕೊಡಿ ಅಂದೆವು. ಅವರು ನಕ್ಕರು. ಎರಡು ವಾರ ಬಿಟ್ಟು ರಜೆ ಕೊಟ್ಟರು, ಅಲ್ಲಾಹನು ಬರಕತ್ ಕೊಡಲಿ. ಆ ಹುಡುಗನಿಗೆ ಮೂವತ್ತಾರು ವರ್ಷ, ಎರಡು ಮಕ್ಕಳು, ಈಗ ಎನ್‌ಐಒಎಸ್‌ನಲ್ಲಿ ಹನ್ನೆರಡನೇ ತರಗತಿ.

ಜಮಾಅತ್‌ಗೆ ಇದರಿಂದ ಏನು ಲಾಭ ಅಂತ ಕೇಳುವವರಿದ್ದಾರೆ. ಮೊದಲೆಲ್ಲ ಮದ್ರಸದ ಹುಡುಗರು ‘ಉಸ್ತಾದ್, ಪಿಯುಸಿ ಆದ ಮೇಲೆ ಏನು?’ ಅಂತ ಕೇಳಿದರೆ ನಾವು ದುಆ ಮಾಡಿ ಕಳಿಸುತ್ತಿದ್ದೆವು. ಈಗ ಪ್ರವೇಶದ ಫಾರಂ ನಾವೇ ತುಂಬಿಸಿ ಗೊತ್ತು, ಯಾವ ಕೋರ್ಸಿಗೆ ಮಾನ್ಯತೆ ಇದೆ ಎಂದು ಎಲ್ಲಿ ನೋಡಬೇಕು ಅಂತ ಗೊತ್ತು. ಕಳೆದ ವರ್ಷ ದುಬೈಗೆ ಹೊರಟಿದ್ದ ಒಬ್ಬ ಹುಡುಗ ಅಲ್ಲಿಂದಲೇ ಓದು ಮುಂದುವರಿಸುವ ದಾರಿ ಕೇಳಲು ಬಂದ. ಬಾಪನ ಜೊತೆ ಬರಲಿಲ್ಲ, ಒಬ್ಬನೇ ಬಂದ.

ಬರುವ ಪರೀಕ್ಷೆಗೆ ಬೇಕರಿಯವರು ಮತ್ತೆ ಹೆಸರು ಕೊಟ್ಟಿದ್ದಾರೆ, ಈ ಸಲ ಪಾಲುದಾರರು ಊರಿನ ಪ್ರಯಾಣ ಮುಂದೆ ಹಾಕಿದ್ದಾರೆ. ರಜೆ ಸಿಗದ ಉಸ್ತಾದರ ತರಗತಿಗಳನ್ನು ನಾವಿಬ್ಬರು ಹಂಚಿಕೊಂಡು ನೋಡಿಕೊಳ್ಳುತ್ತೇವೆ ಅಂತ ಅವರ ಕಮಿಟಿಗೆ ಬರೆದು ಕೊಟ್ಟಾಗಿದೆ. ಜ್ಯೂಸ್ ಅಂಗಡಿಯದ್ದು ಇನ್ನೂ ಇತ್ಯರ್ಥ ಆಗಿಲ್ಲ, ಬೇಸಿಗೆಯ ವ್ಯಾಪಾರ ಬಿಡಲು ಅವರಿಗೆ ಮನಸ್ಸಿಲ್ಲ. ಮಸೀದಿಯ ಕೆಳಗಿನ ಕೋಣೆಯ ಲೈಟ್ ಇಶಾ ಆದ ಮೇಲೆ ಹನ್ನೊಂದು ಗಂಟೆಯವರೆಗೆ ಹಾಕಿಡಲು ಕಾರ್ಯದರ್ಶಿಯವರು ಒಪ್ಪಿದ್ದಾರೆ. ಗುರುವಾರ ಸ್ವಲಾತ್ ಮಜ್ಲಿಸ್ ಇರುವುದರಿಂದ ಆ ದಿನ ಪಾಠ ಇಲ್ಲ. ಹೊಸದಾಗಿ ಸೇರುವವರು ಎಸೆಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಎರಡನ್ನೂ ತರಲಿ, ಮೊದಲು ಹೆಸರು ನೋಡೋಣ.